ಹಾಲುಹಲ್ಲಿನ ಮೇಲೊಂದು ಜೇನುಗೂಡು

ಊಟಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಸರ್ಕಾರಿ ಬಸ್ಸಿನಲ್ಲಿ ಇಳಿದು ಮಸಿನಗುಡಿಯಲ್ಲಿ ಕಾಲೂರಿದವರಿಗೆ ಮೊದಲು ಬೇಕಾಗುವುದು ಒಂದು ಲೋಟ ಟೀ. ಕಿವಿಯಲ್ಲಿ ಇನ್ನೂ ಮೇಲಿನ ಚಳಿ, ಹೊಟ್ಟೆಯಲ್ಲಿ ಇನ್ನೂ ಆ ತಿರುವುಗಳು. ಟೀ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಅಜ್ಜಿ, ಅವರ ಮಡಿಲಲ್ಲಿ ಮೂರು ವರ್ಷದ ಮೊಮ್ಮಗಳು. ಅಜ್ಜಿ ವರ್ಕಿಯನ್ನು ಟೀಗೆ ಅದ್ದಿ, ಉಫ್ ಎಂದು ಊದಿ, ತುದಿಯನ್ನು ತಾವೇ ಚೂರು ಕಚ್ಚಿ ಬಿಸಿ ನೋಡಿ, ಮಗುವಿನ ಬಾಯಿಗಿಡುತ್ತಿದ್ದರು. ವರ್ಕಿ ಗೊತ್ತಲ್ಲ? ಪದರ ಪದರವಾಗಿ ಸುಟ್ಟ, ಮುಟ್ಟಿದರೆ ಉದುರುವ ಊಟಿಯ ಬಿಸ್ಕತ್ತು. ರಸ್ತೆಯಾಚೆ ಒಂದು ಮುಸುವ ಕೊಂಬೆಯಿಂದ ಕೊಂಬೆಗೆ ಹಾರಿತು. ಮಗು ಕಿಲಕಿಲ ನಕ್ಕಿತು.

ಆ ನಗುವಿನೊಳಗೆ ಕಂಡದ್ದೇ ಈ ಬರಹಕ್ಕೆ ಕಾರಣ. ಮೇಲಿನ ನಾಲ್ಕು ಬಾಚಿಹಲ್ಲುಗಳು ಕಂದುಬಣ್ಣಕ್ಕೆ ತಿರುಗಿ, ಬುಡದಲ್ಲಿ ಸವೆದು, ಮೋಟುಗಳಾಗಿ ನಿಂತಿದ್ದವು. ಕೆಳಗಿನ ನಾಲ್ಕು? ಎಳೆ ಮುಸುಕಿನ ಜೋಳದ ಕಾಳಿನಂತೆ ಹಾಲುಬಿಳುಪು!

"ಹುಳ ಬಿದ್ದದ ಕನಪ್ಪ," ಅಂದರು ಅಜ್ಜಿ, ನನ್ನ ಕಣ್ಣು ಎಲ್ಲಿ ನೆಟ್ಟಿದೆ ಎಂದು ಗಮನಿಸಿ. ಗುಂಡ್ಲುಪೇಟೆ ಕಡೆಯ ಕನ್ನಡ. ರಾಜ್ಯದ ಗಡಿ ದಾಟಿದರೂ ಮಾತು ಬದಲಾಗಿಲ್ಲ. "ಹಾಲಲ್ಲು ತಾನೆ, ಬಿದ್ದೋಯ್ತದ ಬುಡು."

ಬಿಡಲಾಗಲಿಲ್ಲ. ಒಂದೇ ಬಾಯಿ, ಒಂದೇ ಟೀ, ಒಂದೇ ವರ್ಕಿ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇರುವುದು ಅರ್ಧ ಬೆರಳಿನ ಅಂತರ. ಮಹಡಿ ಪೂರ್ತಿ ಸುಟ್ಟುಹೋಗಿ, ಕೆಳಮನೆಯ ಸುಣ್ಣವೂ ಮಾಸದೆ ಉಳಿದರೆ ಯಾರಾದರೂ ಬೆರಗಾಗುವುದಿಲ್ಲವೇ? ಊರಿಗೆ ಬಂದವನೇ ಪುಸ್ತಕ, ಸಂಶೋಧನಾ ಬರಹ ಎಂದು ಬೆನ್ನು ಹತ್ತಿದೆ. ಹತ್ತಿದ ಮೇಲೆ ಗೊತ್ತಾಯಿತು, ನಾನು ಇಣುಕಿದ್ದು ಬಾಯಿಗಲ್ಲ, ಒಂದು ಕಾಡಿಗೆ!

ಹುಳದ ಮಾತು ಅಜ್ಜಿಯದಷ್ಟೇ ಅಲ್ಲ. ಸುಶ್ರುತ ಸಂಹಿತೆಯಲ್ಲೇ ಹುಳುಕು ಹಲ್ಲಿಗೆ 'ಕೃಮಿದಂತಕ' ಎಂಬ ಹೆಸರಿದೆ. ಬ್ಯಾಬಿಲೋನಿನವರೂ ಹಲ್ಲಿನ ಹುಳವನ್ನು ನಂಬಿದ್ದರು. ನಗಬೇಡಿ. 1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ ತನ್ನ ಹಲ್ಲಿನ ಸಂದಿನಿಂದ ಬಿಳಿ ಕೊಳೆಯನ್ನು ಕೆರೆದು, ತಾನೇ ಉಜ್ಜಿ ಮಾಡಿದ ಮಸೂರದ ಕೆಳಗೆ ಇಟ್ಟು ನೋಡಿದ. ಸಾವಿರಾರು ಜೀವಿಗಳು ಓಡಾಡುತ್ತಿದ್ದವು! ಕಣ್ಣಿಗೆ ಕಾಣುವ ಹುಳ ಇರಲಿಲ್ಲ, ನಿಜ. ಆದರೆ ಅಲ್ಲಿ 'ಏನೋ ಇದೆ' ಎಂಬ ಅಜ್ಜಿಯರ ಊಹೆ ಸುಳ್ಳಾಗಲಿಲ್ಲ. ನಮ್ಮ ಹಲ್ಲಿಗೆ ಅಂಟಿರುವ ಪಾಚಿಯಂಥ ಲೋಳೆಯನ್ನು ಒಂದೇ ಒಂದು ಮಿಲಿಗ್ರಾಂ, ಅಂದರೆ ಸಾಸಿವೆ ಕಾಳಿಗಿಂತಲೂ ಕಡಿಮೆ, ಕೆರೆದು ತೆಗೆದರೆ ಅದರಲ್ಲಿ ಹತ್ತು ಕೋಟಿಗೂ ಮಿಕ್ಕಿ ಬ್ಯಾಕ್ಟೀರಿಯಾ. 2011ರ ಜನಗಣತಿಯಲ್ಲಿ ಇಡೀ ತಮಿಳುನಾಡಿನ ತಲೆ ಎಣಿಸಿದಾಗ ಸಿಕ್ಕಿದ್ದು 7.21 ಕೋಟಿ!

ಇವುಗಳಲ್ಲಿ ಯಾರು ಕಳ್ಳರು? ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್ ಹಲ್ಲು, ಜೊಲ್ಲು, ಬ್ರೆಡ್ಡು ಮೂರನ್ನೂ ಒಂದೆಡೆ ಸೇರಿಸಿ ಬೆಚ್ಚಗಿಟ್ಟ. ಹಲ್ಲಿನ ಖನಿಜ ಕರಗಿತು. ಜೊಲ್ಲನ್ನು ಕುದಿಸಿ ಇಟ್ಟ. ಕರಗಲಿಲ್ಲ. ಜೊಲ್ಲಿನಲ್ಲಿರುವ ಜೀವಿಗಳು ತಿಂಡಿಯಿಂದ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ಪುಸ್ತಕವನ್ನೇ ಬರೆದ. ಅಂದರೆ ಹಲ್ಲನ್ನು ಯಾವ ಹುಳವೂ ತಿನ್ನುತ್ತಿಲ್ಲ. ಅವು ಉಣ್ಣುವುದು ನಾವು ಉಂಡದ್ದನ್ನೇ. ಹಲ್ಲು ಹಾಳಾಗುವುದು ಅವುಗಳ ಮನೆಯ ಬಚ್ಚಲ ನೀರಿನಿಂದ.

1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲುಗಳಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ದುಂಡಗಿರಬೇಕಾದ ಕೋಶ ಮೊಟ್ಟೆಯಾಕಾರ ತಾಳುವುದನ್ನು ಕಂಡು, ರೂಪ ಬದಲಿಸುವಂಥದ್ದು ಎಂಬರ್ಥ ಬರುವಂತೆ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟ. ಆಮೇಲೆ ವಿಜ್ಞಾನ ಲೋಕ ಅದನ್ನು ಮೂರೂವರೆ ದಶಕ ಮರೆತೇಬಿಟ್ಟಿತು. 1960ರಲ್ಲಿ ಅಮೆರಿಕದ ಪಾಲ್ ಕೀಸ್, ಹಲ್ಲು ಹುಳುಕದ ಹ್ಯಾಮ್‌ಸ್ಟರ್ ಇಲಿಗಳನ್ನು ಹುಳುಕು ಹಲ್ಲಿನ ಇಲಿಗಳ ಜೊತೆ ಒಂದೇ ಗೂಡಿನಲ್ಲಿ ಬಿಟ್ಟ. ಅವಕ್ಕೂ ಹುಳುಕು ಹತ್ತಿತು! ಹುಳುಕು ಹಲ್ಲು ಅಂಟುರೋಗ ಎಂದು ಗೊತ್ತಾದದ್ದು ಹಾಗೆ.

ಈಗ ಉಸಿರು ಹಿಡಿದು ಆ ಮಸಿನಗುಡಿಯ ಲೋಟದಿಂದ ಒಂದು ಸಕ್ಕರೆ ಅಣುವಿನ ಹಿಂದೆ ಹೋಗೋಣ.

ಸಕ್ಕರೆ, ಅಂದರೆ ಸುಕ್ರೋಸ್, ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದು ಕಡೆ ಗ್ಲೂಕೋಸು, ಇನ್ನೊಂದು ಕಡೆ ಫ್ರಕ್ಟೋಸು. ಅದು ಟೀಯ ಜೊತೆ ಹರಿದು ಹಲ್ಲಿನ ಪಾಚಿಗೆ ಇಳಿಯುತ್ತದೆ. ಅಲ್ಲಿ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣ ಮ್ಯೂಟನ್ಸ್ ಕಾದು ಕೂತಿದೆ. ಅದರ ಮೈಸುತ್ತ ಗೇಟುಗಳು. ಯಾವ ಬಗೆಯ ಸಕ್ಕರೆ ಬಂದರೂ ಒಂದಲ್ಲ ಒಂದು ಗೇಟು ತೆರೆಯುತ್ತದೆ. ಒಳಗೆ ಕಾಲಿಡುವಾಗಲೇ ಸಕ್ಕರೆಯ ಬೆನ್ನಿಗೆ ಫಾಸ್ಫೇಟಿನ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಸಕ್ಕರೆ ಮತ್ತೆ ಹೊರಗೆ ಹೋಗಲಾರದು. ಇನ್ನು ಗಿರಣಿ ಶುರು. ಒಂದು ಗ್ಲೂಕೋಸು ಒಡೆದು ಎರಡು ಲ್ಯಾಕ್ಟಿಕ್ ಆಮ್ಲ. ನಮ್ಮ ಅಡುಗೆಮನೆಯ ಮೊಸರನ್ನು ಹುಳಿ ಮಾಡುವ ಆಮ್ಲವೂ ಇದೇ! ಹೆಪ್ಪು ಹಾಕಿದ ಹಾಲಿನಲ್ಲಿ ರಾತ್ರಿಯಿಡೀ ನಡೆಯುವ ಕೆಲಸ ಹಲ್ಲಿನ ಮೇಲೆ ನಿಮಿಷಗಳಲ್ಲಿ ನಡೆಯುತ್ತದೆ.

ಒಂದು ಗ್ಲೂಕೋಸಿಗೆ ಮ್ಯೂಟನ್ಸ್‌ಗೆ ಸಿಗುವ ಸಂಬಳ ಎರಡೇ ಎಟಿಪಿ, ಅಂದರೆ ಶಕ್ತಿಯ ಎರಡು ಚಿಲ್ಲರೆ ನಾಣ್ಯ. ಆಮ್ಲಜನಕ ಬಳಸುವ ನಮ್ಮ ಜೀವಕೋಶಗಳು ಅದೇ ಗ್ಲೂಕೋಸಿನಿಂದ ಮೂವತ್ತರ ಆಸುಪಾಸು ಗಳಿಸುತ್ತವೆ. ಎಂಥ ದುಂದು ಎನಿಸುತ್ತದೆ. ಆದರೆ ದುಂದಿನಲ್ಲೇ ಅದರ ಕುತಂತ್ರವಿದೆ. ಹೊರಗೆ ಸುರಿದ ಆಮ್ಲ ಅಕ್ಕಪಕ್ಕದ ಸಾಧು ಬ್ಯಾಕ್ಟೀರಿಯಾಗಳ ಕತ್ತು ಹಿಸುಕುತ್ತದೆ. ತಾನು? ಗಳಿಸಿದ ನಾಣ್ಯದಲ್ಲಿ ಒಂದು ಪಾಲನ್ನು ಪಂಪಿಗೆ ಹಾಕಿ, ಒಳಗೆ ನುಗ್ಗಿದ ಆಮ್ಲದ ಕಣಗಳನ್ನು ಹೊರಗೆ ತಳ್ಳುತ್ತಾ ಕೂರುತ್ತದೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆಯಾದ ಪಿಎಚ್ 5ಕ್ಕಿಂತ ಕೆಳಗೆ ಇಳಿದು ಉಳಿದವರೆಲ್ಲ ಕೆಲಸ ನಿಲ್ಲಿಸಿದಾಗಲೂ ಇದರ ಗಿರಣಿ ತಿರುಗುತ್ತಲೇ ಇರುತ್ತದೆ.

ಇನ್ನೂ ಇದೆ. ಹಳೇ ಮೈಸೂರಿನ ರೈತರು ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಹಾಗೆ ಇದೂ ಮಿಕ್ಕ ಸಕ್ಕರೆಯನ್ನು ಸರಪಳಿ ಮಾಡಿ ಹೊಟ್ಟೆಯೊಳಗೆ ಕೂಡಿಡುತ್ತದೆ. ಬಾಯಲ್ಲಿ ಸಿಹಿ ಇಲ್ಲದ ಹೊತ್ತಿನಲ್ಲಿ ಹಗೇವು ತೆಗೆದು ಉಣ್ಣುತ್ತದೆ, ಆಗಲೂ ಆಮ್ಲ ಬಿಡುತ್ತದೆ. ಮಗು ಮಲಗಿದರೂ ಗಿರಣಿಗೆ ರಜೆಯಿಲ್ಲ!

ಆದರೆ ನನ್ನನ್ನು ಎದ್ದು ಕೂರಿಸಿದ್ದು ಅದರ ಗಾರೆ ಕೆಲಸ. ಮ್ಯೂಟನ್ಸ್ ತನ್ನ ಮೈಹೊರಗೆ ಕೆಲವು ಕಿಣ್ವಗಳನ್ನು ಬಿಟ್ಟಿರುತ್ತದೆ. ಅವು ಸುಕ್ರೋಸಿನ ನೊಗ ಮುರಿಯುತ್ತವೆ. ನೊಗ ಮುರಿದಾಗ ಸಿಡಿಯುವ ಶಕ್ತಿಯನ್ನೇ ಹಿಡಿದು ಗ್ಲೂಕೋಸಿಗೆ ಗ್ಲೂಕೋಸು ಬೆಸೆದು ನೀರಿಗೆ ಕರಗದ ಅಂಟು ಮಾಡುತ್ತವೆ. ಈ ಬೆಸುಗೆಗೆ ಕೈಯಿಂದ ಒಂದು ಎಟಿಪಿಯನ್ನೂ ಖರ್ಚು ಮಾಡಬೇಕಿಲ್ಲ. ಅನ್ನಕ್ಕೆ ತಂದ ಸಕ್ಕರೆಯಲ್ಲೇ ಮನೆಯ ಗೋಡೆಯೂ ಎದ್ದಿತು! ನಮ್ಮ ಹಿರಿಯರು ಸುಣ್ಣದ ಗಾರೆ ಗಟ್ಟಿಯಾಗಲಿ ಎಂದು ಬೆಲ್ಲದ ನೀರು ಬೆರೆಸುತ್ತಿದ್ದರು. ಇದು ಸಿಹಿಯಿಂದ ಗಾರೆ ಕಲೆಸಿ, ಅದರ ಮರೆಯಲ್ಲಿ ಕೂತು ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ.

ಈ ಅಂಟಿಗೆ ಸುಕ್ರೋಸೇ ಆಗಬೇಕು. ಹಾಲಿನಲ್ಲಿ ಸಹಜವಾಗಿರುವ ಲ್ಯಾಕ್ಟೋಸಿನಿಂದ ಆಗದು. ಜೇನಿನಲ್ಲಿ ಗ್ಲೂಕೋಸು, ಫ್ರಕ್ಟೋಸು ಬೇರೆ ಬೇರೆಯಾಗೇ ಇರುವುದರಿಂದ ಅದರಿಂದ ಆಮ್ಲ ಹುಟ್ಟುತ್ತದೆ, ಅಂಟು ಹುಟ್ಟುವುದು ತೀರಾ ಕಡಿಮೆ. (ಜೇನು ಒಳ್ಳೆಯದು ಎಂದು ಹಸುಗೂಸಿನ ನಾಲಗೆಗೆ ಸವರುವವರಿಗೆ ಒಂದು ಮಾತು: ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಣ ಕೂಸಿನ ಕರುಳಿಗೆ ಅಪಾಯ.) ಬೆಲ್ಲ? ಕ್ಷಮಿಸಿ, ಬೆಲ್ಲದ ಬಹುಪಾಲು ಸುಕ್ರೋಸೇ. ತಮಿಳುನಾಡಿನ ತಾಳೆಬೆಲ್ಲ ಕರುಪಟ್ಟಿಯೂ ಅಷ್ಟೇ. ಅವು ಕಂದಗಿವೆ ಎಂದು ಮ್ಯೂಟನ್ಸ್ ಬಿಟ್ಟುಬಿಡುವುದಿಲ್ಲ.

1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಎಂಬ ಅಮೆರಿಕದ ದಂತವಿಜ್ಞಾನಿ ಆಂಟಿಮನಿ ಲೋಹದ ಸೂಜಿಯಂಥ ಸಲಕರಣೆಯನ್ನು ಹಲ್ಲಿನ ಪಾಚಿಗೆ ತಾಗಿಸಿ, ಸಿಹಿನೀರು ಮುಕ್ಕಳಿಸಿದ ಮೇಲೆ ಏನಾಗುತ್ತದೆ ಎಂದು ಅಳೆದ. ಅವನ ನಕ್ಷೆ ನೋಡಿದರೆ ಕಲ್ಹಟ್ಟಿ ಘಾಟಿಯೇ! ಪಿಎಚ್ 7ರ ಆಸುಪಾಸಿನಲ್ಲಿದ್ದದ್ದು ಐದೇ ನಿಮಿಷದಲ್ಲಿ ಧಡಧಡನೆ 5ರ ಹತ್ತಿರಕ್ಕೆ ಇಳಿಯುತ್ತದೆ. ಎರಡೇ ಅಂಕಿ ಎನ್ನಬೇಡಿ, ಆಮ್ಲೀಯತೆ ನೂರು ಪಟ್ಟು ಹೆಚ್ಚಿತು ಎಂದು ಅದರ ಅರ್ಥ. ಮತ್ತೆ ಮೇಲೆ ಹತ್ತುವುದು ಮಾತ್ರ ಫಸ್ಟ್ ಗೇರಿನಲ್ಲಿ, ಅರ್ಧ ಗಂಟೆಯಿಂದ ಒಂದು ಗಂಟೆ. ಆ ನಕ್ಷೆಯಲ್ಲಿ 5.5 ಎಂಬಲ್ಲೊಂದು ಗಡಿ. ಅದಕ್ಕಿಂತ ಕೆಳಗೆ ಇದ್ದಷ್ಟು ಹೊತ್ತೂ ಹಲ್ಲಿನ ಕವಚದ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಕಳಚುತ್ತಿರುತ್ತವೆ. ಮೇಲೆ ಬಂದಾಗ ಜೊಲ್ಲು ಅವನ್ನು ಮರಳಿ ತುಂಬುತ್ತದೆ. ಹಲ್ಲು ಕಲ್ಲಲ್ಲ ಸ್ವಾಮಿ, ದಿನವೂ ಖರ್ಚು-ಜಮಾ ನಡೆಯುವ ಅಂಗಡಿ ಲೆಕ್ಕ!

ಹಾಗಾದರೆ ಮಗು ಎಷ್ಟು ಸಕ್ಕರೆ ತಿಂದಿತು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಎಷ್ಟು ಸಲ ತಿಂದಿತು ಎಂಬುದು. ಮದುವೆ ಮನೆಯಲ್ಲಿ ಐದು ನಿಮಿಷದಲ್ಲಿ ಎರಡು ಲಾಡು ಮುಗಿಸಿದ ಮಗು ಒಮ್ಮೆ ಘಾಟಿ ಇಳಿದು ಹತ್ತುತ್ತದೆ. ನೀಲಗಿರಿಯ ಚಳಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಆರಕ್ಕೊಂದು ಟೀ, ಎಂಟಕ್ಕೊಂದು, ಹನ್ನೊಂದಕ್ಕೊಂದು, ತೋಟದಿಂದ ಬಂದವರಿಗೊಂದು, ನೆಂಟರಿಗೊಂದು. ದೊಡ್ಡವರ ಪ್ರತಿ ಲೋಟದಿಂದ ಮಗುವಿಗೆ ಒಂದು ಗುಟುಕು, ಒಂದು ಅದ್ದಿದ ಚೂರು. ಒಂದು ಘಾಟಿ ಹತ್ತುವ ಮುಂಚೆಯೇ ಇನ್ನೊಂದು ಇಳಿತ. ಜಮಾ ಮಾಡಲು ಪುರುಸೊತ್ತೆಲ್ಲಿ? ಹಾಲುಹಲ್ಲಿನ ಕವಚವೋ ದೊಡ್ಡವರ ಹಲ್ಲಿನದಕ್ಕಿಂತ ತೀರಾ ತೆಳು, ಅರ್ಧದಷ್ಟು.

ಇನ್ನು ರಾತ್ರಿ. ಬಂಡೀಪುರ, ಮುದುಮಲೆ ನಡುವಿನ ಹೆದ್ದಾರಿಯಲ್ಲಿ ಓಡಾಡಿದವರಿಗೆ ಗೊತ್ತು, ರಾತ್ರಿ 9ಕ್ಕೆ ಕೆಕ್ಕನಹಳ್ಳ ಚೆಕ್‌ಪೋಸ್ಟಿನ ಗೇಟು ಬಿದ್ದರೆ ಏಳುವುದು ಬೆಳಗ್ಗೆ 6ಕ್ಕೆ. ನಿದ್ದೆ ಹತ್ತಿದ ಬಾಯಿಯೂ ಹಾಗೇ. ಜೊಲ್ಲಿನ ಓಡಾಟ ನಿಂತಂತೆಯೇ. ತೊಳೆಯುವವರಿಲ್ಲ, ಆಮ್ಲವನ್ನು ತಣಿಸುವವರಿಲ್ಲ. ಅಂಥ ಹೊತ್ತಿನಲ್ಲಿ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಗು ಮಲಗಿದರೆ ಮ್ಯೂಟನ್ಸ್‌ಗೆ ಇಡೀ ರಾತ್ರಿ ಜಾತ್ರೆ.

ಇಲ್ಲಿಗೆ ಬಂದಾಗ ಅಜ್ಜಿಯ ಮೊಮ್ಮಗಳ ಬಾಯಿಯ ಒಗಟು ಫಕ್ಕನೆ ಬಿಡಿಸಿಕೊಂಡಿತು! ಜೊಲ್ಲಿನ ದೊಡ್ಡ ಒರತೆಗಳು ನಾಲಗೆಯ ಅಡಿಯಲ್ಲಿ, ಕೆಳಗಿನ ಬಾಚಿಹಲ್ಲುಗಳ ಬೆನ್ನಿಗೇ ಬಾಯ್ದೆರೆಯುತ್ತವೆ. ಬಾಟಲಿ ಚೀಪುವಾಗ ನಾಲಗೆ ಮುಂದೆ ಚಾಚಿ ಆ ಹಲ್ಲುಗಳಿಗೆ ಕಂಬಳಿಯಾಗುತ್ತದೆ. ಮೇಲಿನ ಬಾಚಿಹಲ್ಲುಗಳಿಗೆ ಒರತೆಯೂ ಇಲ್ಲ, ಕಂಬಳಿಯೂ ಇಲ್ಲ. ಮೇಲ್ತುಟಿಯ ಹಿಂದೆ ಸಿಹಿ ನಿಂತದ್ದು ನಿಂತೇ ಇರುತ್ತದೆ. ನೀಲಗಿರಿಯ ಭೂಪಟ ಬಿಚ್ಚಿ ನೋಡಿ. ಪಡುವಣ ಮಳೆಗಾಲ ಗೂಡಲೂರನ್ನು ತೋಯಿಸಿ ತೊಪ್ಪೆ ಮಾಡುತ್ತದೆ. ಅದೇ ಬೆಟ್ಟದ ಮರೆಯಲ್ಲಿರುವ ಮಸಿನಗುಡಿ ಮಳೆನೆರಳಿನ ನಾಡು, ಮುಳ್ಳುಕಂಟಿಯ ಒಣಕಾಡು. ಎರಡೂ ಒಂದೇ ಜಿಲ್ಲೆ. ಮಗುವಿನ ಕೆಳದವಡೆ ಗೂಡಲೂರು, ಮೇಲ್ದವಡೆಯ ಮುಂಭಾಗ ಮಸಿನಗುಡಿ!

ಈ ಜೀವಿ ಬಂದದ್ದೆಲ್ಲಿಂದ? ಹುಟ್ಟುವಾಗ ಕೂಸಿನ ಬಾಯಲ್ಲಿ ಅದಿರುವುದಿಲ್ಲ. ಕೆನ್ನೆ, ನಾಲಗೆಯ ಮೇಲುಸಿಪ್ಪೆ ಸದಾ ಕಳಚುತ್ತಿರುವುದರಿಂದ ಅಲ್ಲಿ ಊರುವುದು ಅದಕ್ಕೆ ಕಷ್ಟ. ಹೆಜ್ಜೇನಿಗೆ ಬಂಡೆಯ ಚಾಚು ಬೇಕಾದಂತೆ ಅದಕ್ಕೆ ಕದಲದ ಹಲ್ಲು ಬೇಕು. 1993ರಲ್ಲಿ ಪ್ರಕಟವಾದ ಪೇಜ್ ಕಾಫೀಲ್ಡ್ ತಂಡದ ಅಧ್ಯಯನದಲ್ಲಿ ಹೆಚ್ಚಿನ ಮಕ್ಕಳಿಗೆ ಅದು ಹತ್ತಿದ್ದು 19ರಿಂದ 31ನೆಯ ತಿಂಗಳ ನಡುವೆ, ದವಡೆ ಹಲ್ಲುಗಳು ಮೂಡುವ ಕಾಲಕ್ಕೆ. ಅದಕ್ಕಿಂತ ಮೊದಲೇ ಹತ್ತಿದ ಮಕ್ಕಳೂ ಇದ್ದಾರೆ. ಬಹುಮಟ್ಟಿಗೆ ತಾಯಿಯಿಂದ, ಅವಳಂತೆ ಸದಾ ಜೊತೆಗಿರುವವರಿಂದ. ಎಂಜಲು! ದೇವರ ನೈವೇದ್ಯಕ್ಕೆ, ನೆಂಟರ ಎಲೆಗೆ ಎಂಜಲಿನ ವಿಷಯದಲ್ಲಿ ಅಷ್ಟೊಂದು ಕಟ್ಟುನಿಟ್ಟಾಗಿರುವ ನಾವು ಕೂಸಿನ ಚಮಚ ಮಾತ್ರ ನಮ್ಮ ಬಾಯಿಗಿಟ್ಟೇ ಕೊಡುತ್ತೇವೆ. ಹಾಗಂತ ಆ ಅಜ್ಜಿಯನ್ನು ಕಟಕಟೆಗೆ ಹತ್ತಿಸಲು ನಾನು ತಯಾರಿಲ್ಲ. ಮುದ್ದು ಮಾಡದೆ ಮಗು ಬೆಳೆಸಲಾದೀತೆ? ದೊಡ್ಡವರು ತಮ್ಮ ಹುಳುಕು ಹಲ್ಲನ್ನು ಮೊದಲು ತುಂಬಿಸಿಕೊಳ್ಳಲಿ, ಸಾಕು.

ಬಂದ ಮಾತ್ರಕ್ಕೆ ಅದು ಗೆದ್ದಂತೆಯೂ ಅಲ್ಲ. ಬಾಯಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ನಮ್ಮ ಕಡೆಯವರೇ ಹೆಚ್ಚು. ಸ್ಟ್ರೆಪ್ಟೊಕಾಕಸ್ ಸ್ಯಾಂಗ್ವಿನಿಸ್ ಹೈಡ್ರೋಜನ್ ಪೆರಾಕ್ಸೈಡ್ ಉಗುಳಿ ಮ್ಯೂಟನ್ಸ್‌ನ್ನು ದೂರವಿಡುತ್ತದೆ. ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಕೊಳ್ಳುವ ಪೆರಾಕ್ಸೈಡೇ ಅದು! ಕೆಲವು ಜೊಲ್ಲಿನಲ್ಲಿರುವ ಆರ್ಜಿನಿನ್ ಒಡೆದು ಅಮೋನಿಯಾ ಮಾಡಿ ಆಮ್ಲವನ್ನು ತಣಿಸುತ್ತವೆ. ವೈಲೊನೆಲ್ಲಾ ಎಂಬುದಕ್ಕೆ ಸಕ್ಕರೆ ತಿನ್ನಲೇ ಬರುವುದಿಲ್ಲ. ಅದು ಬೇರೆಯವರು ಬಿಸಾಕಿದ ಲ್ಯಾಕ್ಟಿಕ್ ಆಮ್ಲವನ್ನು ತಿಂದು ಅದಕ್ಕಿಂತ ಸಾಧುವಾದ ಆಮ್ಲಗಳನ್ನು ಬಿಡುತ್ತದೆ. ಎಲ್ಲ ಸೇರಿ ಒಂದು ಕಾಡು. ಇಂಗ್ಲೆಂಡಿನ ಫಿಲಿಪ್ ಮಾರ್ಷ್ 1994ರಲ್ಲಿ ಹೇಳಿದ್ದು ಇದನ್ನೇ: ಹುಳುಕು ಹಲ್ಲು ಹೊರಗಿನ ಶತ್ರುವಿನ ದಾಳಿಯಲ್ಲ, ಒಳಗಿನ ಕಾಡು ಕೆಟ್ಟದ್ದರ ಗುರುತು. ಮುದುಮಲೆಯ ಲಂಟಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರದೋ ಹೂದೋಟದ ಅಂದಕ್ಕೆ ಬಂದ ಗಿಡ, ಕಾಡು ಬಯಲಾದ ಕಡೆಯಲ್ಲೆಲ್ಲ ನುಗ್ಗಿ ಜಿಂಕೆಯ ಹುಲ್ಲನ್ನೇ ನುಂಗಿತು. ದಿನಕ್ಕೆ ಹತ್ತು ಸಲ ಆಮ್ಲದ ಮಳೆ ಸುರಿದರೆ ಸ್ಯಾಂಗ್ವಿನಿಸ್ ಸೊರಗುತ್ತದೆ, ಮ್ಯೂಟನ್ಸ್ ಲಂಟಾನವಾಗುತ್ತದೆ. ಮ್ಯೂಟನ್ಸ್ ತಳಿಗಳ ಜೀನುಗಳನ್ನು ಓದಿದವರು ಅದರ ಸಂತತಿ ಬೆಳೆಯತೊಡಗಿದ್ದು ಸುಮಾರು 10,000 ವರ್ಷಗಳ ಹಿಂದೆ, ಮನುಷ್ಯ ಬೇಸಾಯಕ್ಕೆ ಇಳಿದ ಕಾಲದಲ್ಲಿ ಎನ್ನುತ್ತಾರೆ. ನಮ್ಮ ಹೊಲದ ಕಳೆ ಅದು.

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆಗ ಕೈಗೆ ಸಿಕ್ಕಿದ್ದು 2023ರ ಮೇ ತಿಂಗಳಲ್ಲಿ ಪ್ರಕಟವಾದ ಒಂದು ಸಂಶೋಧನೆ. ಅಮೆರಿಕದ ಉತ್ತರ ಕೆರೊಲಿನಾದ ಮೂರರಿಂದ ಐದು ವರ್ಷದ 300 ಮಕ್ಕಳ ಹಲ್ಲಿನ ಪಾಚಿಯನ್ನು ಕಿಮೊನ್ ದಿವಾರಿಸ್, ಹ್ಯುನ್ ಕೂ ತಂಡಗಳು ಜಾಲಾಡಿದವು. ಮತ್ತೆ 116 ಮಕ್ಕಳಲ್ಲಿ ತಾಳೆ ನೋಡಿದವು. ಮ್ಯೂಟನ್ಸ್ ಇದ್ದೇ ಇತ್ತು. ಅದರ ಜೊತೆ ಯಾರೂ ನೆನೆಸದ ಒಬ್ಬ ಪಾಲುದಾರನೂ ಇದ್ದ: ಸೆಲೆನೊಮೊನಾಸ್ ಸ್ಪುಟಿಜೆನಾ. ಬಿದಿಗೆ ಚಂದ್ರನಂತೆ ಬಾಗಿದ ಮೈ, ಅದಕ್ಕೇ ಗ್ರೀಕರ ಚಂದ್ರದೇವತೆ ಸೆಲೀನಿಯ ಹೆಸರು. ಅದಕ್ಕೆ ಈಜು ಬರುತ್ತದೆ, ಚಾವಟಿಯಂಥ ಬಾಲ ಬೀಸಿಕೊಂಡು. ಅದುವರೆಗೆ ದೊಡ್ಡವರ ಒಸಡಿನ ರೋಗದಲ್ಲಷ್ಟೇ ಅದರ ಹೆಸರಿತ್ತು.

ಅದು ಈಜುತ್ತಾ ಹಲ್ಲಿನ ಹತ್ತಿರ ಬರುತ್ತದೆ. ಮ್ಯೂಟನ್ಸ್ ಕಟ್ಟಿದ ಆ ಸಕ್ಕರೆಯ ಗಾರೆಗೆ ಕಾಲು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಬಿದ್ದಲ್ಲೇ ಮರಿ ಮಾಡತೊಡಗುತ್ತದೆ. ಆಮೇಲೆ ಅದು ಕಟ್ಟುವುದು ಏನನ್ನು ಗೊತ್ತೇ? ಜೇನುಗೂಡನ್ನು! ಮ್ಯೂಟನ್ಸ್ ಗುಂಪಿನ ಸುತ್ತ, ಕೋಣೆ ಕೋಣೆಯಾಗಿ, ತಟ್ಟಿಯ ಹಾಗೆ. ಆ ಗೂಡಿನೊಳಗೆ ಮ್ಯೂಟನ್ಸ್‌ಗೆ ಕೋಟೆಯ ರಕ್ಷಣೆ, ಆಮ್ಲ ಹೊರಗೆ ಹರಡದೆ ಹಲ್ಲಿನ ಮೇಲೇ ಮಡುಗಟ್ಟುತ್ತದೆ. ಇಲಿಗಳ ಬಾಯಲ್ಲಿ ಎರಡನ್ನೂ ಕೂಡಿಸಿದಾಗ ಹುಳುಕು ಇನ್ನೂ ಜೋರಾಯಿತು. ಆ ಸೂಕ್ಷ್ಮದರ್ಶಕ ಚಿತ್ರ ನೋಡುತ್ತಾ ನನಗೆ ನೆನಪಾದದ್ದು ನೀಲಗಿರಿಯ ಬಂಡೆಗಳಿಂದ ಹಗ್ಗದೇಣಿಯಲ್ಲಿ ಇಳಿದು ಹೆಜ್ಜೇನು ಕೀಳುವ ಕುರುಂಬರು, ಜೇನುಕುರುಬರಾದ ಕಾಟ್ಟುನಾಯಕರು. ಅವರ ಬೆಟ್ಟದ ಬುಡದಲ್ಲಿ ಟೀ ಕುಡಿಯುತ್ತಿದ್ದ ಒಂದು ಹೆಣ್ಣುಮಗುವಿನ ಮೇಲ್ದವಡೆಯಲ್ಲೂ ಇಂಥದ್ದೇ ಗೂಡು ಕಟ್ಟಿರಬಹುದು, ಕೂದಲೆಳೆಯ ದಪ್ಪದಷ್ಟು ಜಾಗದಲ್ಲಿ!

ಇನ್ನೊಂದು ಸೋಜಿಗ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಹಲ್ಲನ್ನು ಉಳಿಸುವ ಫ್ಲೋರೈಡ್ ಎಲ್ಲಿದೆ? ಆ ಬೆಟ್ಟ ತುಂಬ ಹಬ್ಬಿರುವ ಟೀ ಗಿಡದ ಎಲೆಯಲ್ಲೇ! ಹುಳಿಮಣ್ಣನ್ನು ಮೆಚ್ಚುವ ಈ ಗಿಡ ಮಣ್ಣಿನ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ, ಬಲಿತ ಎಲೆಯಲ್ಲಿ ಚಿಗುರಿಗಿಂತ ಹೆಚ್ಚು. ಟೀಯ ಒಗರಿನಲ್ಲಿ ಮ್ಯೂಟನ್ಸ್‌ನ ಗಾರೆ ಕಿಣ್ವಗಳಿಗೆ ಅಡ್ಡಗಾಲು ಹಾಕುವ ಗುಣವೂ ಇದೆ. ಗೂಡಲೂರಿನವರು 'ಕಟ್ಟನ್' ಎನ್ನುವ ಬರೀ ಟೀ ಡಿಕಾಕ್ಷನ್ನು ಸಕ್ಕರೆಯಿಲ್ಲದೆ ಇದ್ದಿದ್ದರೆ ಹಲ್ಲಿನ ಕಡೆಯ ಸಾಕ್ಷಿಯೇ. ಎರಡು ಚಮಚ ಸಕ್ಕರೆ ಬಿದ್ದ ಕೂಡಲೇ ಸಾಕ್ಷಿ ತಿರುಗಿ ಬಿದ್ದಿತು. ಇದನ್ನು ಓದಿ ಮಗುವಿಗೆ ಸಪ್ಪೆ ಟೀ ಕುಡಿಸಲು ಹೊರಡಬೇಡಿ. ಅದು ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಮಕ್ಕಳಿಗೆ ಫ್ಲೋರೈಡ್ ಟೂತ್‌ಪೇಸ್ಟಿನಿಂದ ಸಿಕ್ಕರೆ ಸಾಕು. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಅದು ಕವಚವನ್ನು ಗಟ್ಟಿ ಮಾಡುತ್ತದೆ, ಮ್ಯೂಟನ್ಸ್‌ನ ಗಿರಣಿಯ ಒಂದು ಗಾಲಿಗೆ ಕೋಲನ್ನೂ ಸಿಕ್ಕಿಸುತ್ತದೆ.

ಅದೇ ಬೆಟ್ಟದ ಕೂನೂರಿನಲ್ಲಿ 1918ರಲ್ಲಿ ಪಾಸ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಶುರು ಮಾಡಿದ ಪ್ರಯೋಗಶಾಲೆಯೇ ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ. ಆತ ಅಲ್ಲಿ ಒಂದು ಗುಂಪಿನ ಇಲಿಗಳಿಗೆ ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ಹಾಕಿದ. ಇನ್ನೊಂದು ಗುಂಪಿಗೆ ಇಂಗ್ಲೆಂಡಿನ ಬಡವರ ಊಟ: ಬಿಳಿ ಬ್ರೆಡ್ಡು, ಮಾರ್ಗರಿನ್, ಜಾಮ್, ಸಕ್ಕರೆ ಹಾಕಿದ ಟೀ. ಎರಡನೆಯ ಗುಂಪಿನ ಇಲಿಗಳು ಕುಗ್ಗಿದವು, ರೋಗ ಹಿಡಿಸಿಕೊಂಡವು, ಕಡೆಗೆ ಒಂದನ್ನೊಂದು ಕೊಂದು ತಿಂದವು. ಬ್ರೆಡ್ಡು, ಸಿಹಿ ಟೀ. ನೂರು ವರ್ಷದ ಮೇಲೆ ಅದೇ ಬೆಟ್ಟಗಳಲ್ಲಿ ಅದನ್ನೇ ಮಕ್ಕಳ ಮುಂದೆ ಇಟ್ಟಿದ್ದೇವೆ.

"ಬಿದ್ದೋಯ್ತದ ಬುಡು" ಎಂಬ ಮಾತಿಗೆ ನನ್ನದೊಂದು ತಕರಾರಿದೆ. ಬಾಚಿಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ಒಪ್ಪಿದೆ. ಹಾಲುಹಲ್ಲಿನ ಹಿಂದಿನ ದವಡೆಹಲ್ಲು ಹತ್ತು, ಹನ್ನೆರಡು ವರ್ಷದವರೆಗೂ ಮಗು ಅಗಿಯಬೇಕಾದ ಹಲ್ಲು. ಮುಂದೆ ಬರುವ ಹಲ್ಲಿಗೆ ಜಾಗ ಕಾದಿಡುವುದೂ ಅದೇ. ದಂತ ವೈದ್ಯ ಪರಿಷತ್ತು 2002-03ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹುಳುಕು ಹತ್ತಿತ್ತು. ಡ್ರಿಲ್ಲಿನ ಸದ್ದಿಗೆ ಮಗು ಹೆದರುತ್ತದೆ ಎಂಬ ನೆವವೂ ಈಗ ನಡೆಯದು. ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ಒಂದು ಹನಿ ದ್ರವವನ್ನು ಹುಳುಕಿಗೆ ಸವರಿದರೆ ಹೆಚ್ಚಿನ ಹಲ್ಲುಗಳಲ್ಲಿ ಹುಳುಕು ಅಲ್ಲೇ ನಿಲ್ಲುತ್ತದೆ. ಸವರಿದ ಜಾಗ ಕಪ್ಪಾಗುತ್ತದೆ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ನಾಳೆ ಬೆಳಗ್ಗೆ ನಿಮ್ಮ ಮನೆಯ ಪುಟ್ಟ ಮಗುವನ್ನು ಬಿಸಿಲಿಗೆ ಕರೆದು, ಹೆಬ್ಬೆರಳಿನಿಂದ ಮೇಲ್ತುಟಿಯನ್ನು ಮೆಲ್ಲಗೆ ಎತ್ತಿ ನೋಡಿ. ಒಸಡಿನ ಅಂಚಿಗೆ ಹೊಂದಿಕೊಂಡು ಸೀಮೆಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆ ಕಂಡರೆ ಅಲ್ಲಿ ಗೂಡು ಕಟ್ಟಲು ಶುರುವಾಗಿದೆ ಎಂದು ತಿಳಿಯಿರಿ. ಅದು ಇನ್ನೂ ಗುಂಡಿಯಾಗಿಲ್ಲ. ರಾತ್ರಿಯ ಬಾಟಲಿ ತಪ್ಪಿಸಿ, ಎರಡು ಹೊತ್ತು ಉಜ್ಜಿ, ದಂತವೈದ್ಯರಿಗೆ ಒಮ್ಮೆ ತೋರಿಸಿದರೆ ಆ ಗೆರೆ ಮತ್ತೆ ಗಟ್ಟಿಯಾಗುತ್ತದೆ.